ಮೂರು ಹೆಸರು, ಒಂದು ಕಾಗದ

ನಿನ್ನೆ ರಾತ್ರಿ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿ ಸುಮ್ನೆ ಕೂತಿದ್ದೆ. ಮುಳ್ಳುತಂತಿ ಸುತ್ತಿದ ಇನ್ನೊಂದು ಮೇಣದಬತ್ತಿ ನೆನಪಾಯಿತು, ಮಾನವ ಹಕ್ಕುಗಳಿಗಾಗಿ ಕೆಲಸ ಮಾಡುವ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಗುರುತು.

ಅದು ಶುರುವಾಗಿದ್ದು ಪತ್ರಿಕೆಯ ಒಂದು ಲೇಖನದಿಂದ. 1961ರ ಮೇ 28, ಭಾನುವಾರ. ಪೀಟರ್ ಬೆನೆನ್ಸನ್ ಎಂಬ ಇಂಗ್ಲೆಂಡಿನ ವಕೀಲರು ‘ಅಬ್ಸರ್ವರ್’ನಲ್ಲಿ ‘ಮರೆತುಹೋದ ಕೈದಿಗಳು’ ಎಂದು ಬರೆದರು. ಯಾರನ್ನೂ ಹೊಡೆಯದೆ, ಬರೀ ತಮ್ಮ ವಿಚಾರ ಹೇಳಿದ್ದಕ್ಕೆ ಜೈಲು ಸೇರಿದವರ ಬಗ್ಗೆ. ಒಂದು ವರ್ಷದ ಪ್ರಚಾರ ಮಾಡೋಣ ಅಂತಷ್ಟೇ ಅವರ ಯೋಚನೆ. ಅದು ಇವತ್ತಿಗೂ ನಿಂತಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅವರು ಕೆಲಸ ಮಾಡಿದ ರೀತಿ. ಒಂದೊಂದು ಊರಿನ ಗುಂಪು ಮೂವರು ಕೈದಿಗಳನ್ನು ತಮ್ಮವರೆಂದುಕೊಳ್ಳಬೇಕು. ಒಬ್ಬರು ಪಶ್ಚಿಮದ ದೇಶದವರು, ಒಬ್ಬರು ಕಮ್ಯುನಿಸ್ಟ್ ದೇಶದವರು, ಇನ್ನೊಬ್ಬರು ಏಷ್ಯಾ, ಆಫ್ರಿಕಾದಂಥ ಕಡೆಯವರು. ಆಮೇಲೆ ಅವರನ್ನು ಬಿಡಿ ಅಂತ ಸರ್ಕಾರಗಳಿಗೆ ಕಾಗದ ಬರೆಯುತ್ತಲೇ ಇರುವುದು. ನಮ್ಮ ಕಡೆಯವರು, ಅವರ ಕಡೆಯವರು ಅನ್ನೋ ಲೆಕ್ಕವನ್ನೇ ಇಟ್ಟುಕೊಳ್ಳಲಿಲ್ಲ, ಎಷ್ಟು ದೊಡ್ಡ ಮಾತು ಅಲ್ವಾ?

ಆ ಲೇಖನದಲ್ಲಿದ್ದ ಕೈದಿಗಳಲ್ಲಿ ಒಬ್ಬರು ಅಂಗೋಲಾದ ಅಗೊಸ್ಟಿನ್ಯೊ ನೆಟೊ. ಕವಿ, ಡಾಕ್ಟರ್. ಪೋರ್ಚುಗೀಸರು ಅವರನ್ನು ಹಿಡಿದಿಟ್ಟಿದ್ದರು. 1975ರಲ್ಲಿ ಸ್ವತಂತ್ರ ಅಂಗೋಲಾಕ್ಕೆ ಅವರೇ ಮೊದಲ ಅಧ್ಯಕ್ಷರಾದರು.

ಕರೆಂಟು ಬಂದ ಮೇಲೂ ಬತ್ತಿ ಆರಿಸಲು ಮನಸ್ಸಾಗಲಿಲ್ಲ.