"ಮಿಲಿಟರಿ ಹುಡುಗರಲ್ವಾ, ಗೆಲ್ಲದೆ ಇನ್ನೇನು?" ಅನ್ನುವವರಿಗೆ

ನ್ಯೂಜೆರ್ಸಿಯ ನಮ್ಮ ಕನ್ನಡದವರಲ್ಲಿ ನಾನು ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಅಮೆರಿಕನ್ ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ತಂಡ 'ಆರ್ಮಿ'ಯ ಅಭಿಮಾನಿ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "2024ರಲ್ಲಿ ನಿಮ್ಮ ಆರ್ಮಿ ಟೀಮು ಅಷ್ಟೊಂದು ಮ್ಯಾಚ್ ಗೆದ್ದಿದ್ದು ಹೇಗ್ರೀ?" ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ತಾವೇ ಹೇಳಿ ಮುಗಿಸುತ್ತಾರೆ: "ಮಿಲಿಟರಿ ಹುಡುಗರಲ್ವಾ, ಶಿಸ್ತು. ಗೆಲ್ಲದೆ ಇನ್ನೇನು?"

ಉತ್ತರ ಗೊತ್ತಿದ್ದ ಮೇಲೆ ನನ್ನನ್ನು ಯಾಕೆ ಕೇಳುತ್ತೀರಿ? ಅದೂ ತಪ್ಪು ಉತ್ತರ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಶಿಸ್ತಿನಿಂದಲೇ ಗೆಲ್ಲುವ ಹಾಗಿದ್ದರೆ 2003ರಲ್ಲಿ ಏನಾಗಿತ್ತು? ಆಗಲೂ ಅದೇ ಅಕಾಡೆಮಿ, ಅದೇ ಸಮವಸ್ತ್ರ, ಅದೇ ಬೆಳಗಿನ ಕವಾಯತು. 13 ಪಂದ್ಯ ಆಡಿದರು, 13ನ್ನೂ ಸೋತರು. ಶಿಸ್ತು ಆ ವರ್ಷ ರಜೆ ಹಾಕಿತ್ತಾ? ನೌಕಾಪಡೆಯ ಅಕಾಡೆಮಿಯ ತಂಡ ನೇವಿಯ ಎದುರಂತೂ 2002ರಿಂದ 2015ರವರೆಗೆ ಸತತ 14 ಸಲ ಸೋತರು. ಆ ಹುಡುಗರೂ ಸೈನಿಕರೇ ಆಗಿದ್ದರು.

2024ರಲ್ಲಿ ಆಗಿದ್ದು ಇಷ್ಟು. ಮೊದಲ ಒಂಬತ್ತು ಪಂದ್ಯ ಸೋಲಿಲ್ಲದೆ ಗೆದ್ದರು. ಆಮೇಲೆ ಯಾಂಕಿ ಸ್ಟೇಡಿಯಮ್ಮಿನಲ್ಲಿ ನೋಟ್ರ ಡೇಮ್ ಎದುರು 49-14ರಿಂದ ಸರಿಯಾಗಿಯೇ ಪೆಟ್ಟು ತಿಂದರು. ಡಿಸೆಂಬರ್ 6ರಂದು ತಮ್ಮದೇ ಮೈಕಿ ಸ್ಟೇಡಿಯಮ್ಮಿನಲ್ಲಿ ಟುಲೇನ್ ತಂಡವನ್ನು 35-14ರಿಂದ ಸೋಲಿಸಿ ಅಮೆರಿಕನ್ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಪಟ್ಟಕ್ಕೆ ಆಡುವ ಕಾಲೇಜುಗಳ ಗುಂಪು) ಚಾಂಪಿಯನ್ ಆದರು. 1890ರಲ್ಲಿ ಹುಟ್ಟಿದ ತಂಡಕ್ಕೆ ಅದು ಮೊದಲ ಕಾನ್ಫರೆನ್ಸ್ ಪಟ್ಟ. ಕೊನೆಗೆ 12 ಗೆಲುವು, 2 ಸೋಲು. ಅಷ್ಟು ಗೆಲುವು ಆ ತಂಡಕ್ಕೆ ಹಿಂದೆ ಯಾವ ವರ್ಷವೂ ಸಿಕ್ಕಿರಲಿಲ್ಲ.

ಈಗ ಹೇಗೆ ಗೆದ್ದರು ಅನ್ನುವುದಕ್ಕೆ ಬರೋಣ. ನವೆಂಬರ್ 9, ಶನಿವಾರ. ನಾವು ಕೆಲವರು ರಾಜ್ಯೋತ್ಸವ ಕಾರ್ಯಕ್ರಮದ ತಯಾರಿಗೆ ಒಬ್ಬರ ಮನೆಯಲ್ಲಿ ಸೇರಿದ್ದೆವು. ಟೀವಿಯಲ್ಲಿ ಆರ್ಮಿ ಮತ್ತು ನಾರ್ತ್ ಟೆಕ್ಸಸ್ ಪಂದ್ಯ. ನಾರ್ತ್ ಟೆಕ್ಸಸ್ ಅಂದರೆ ಚೆಂಡು ಎಸೆದು ಎಸೆದು ರಾಶಿ ಅಂಕ ಗಳಿಸುತ್ತಿದ್ದ ತಂಡ. ಎರಡನೇ ಅರ್ಧದಲ್ಲಿ ಆರ್ಮಿಗೆ ಚೆಂಡು ಸಿಕ್ಕಿದ್ದು ತನ್ನದೇ ತುದಿಯಲ್ಲಿ, 94 ಯಾರ್ಡ್ ದೂರ ಹೋಗಬೇಕು. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ನಾಲ್ಕು ಅವಕಾಶದಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ಆರ್ಮಿ ಓಡಿತು, ಮೂರು ಯಾರ್ಡ್. ಮತ್ತೆ ಓಡಿತು, ನಾಲ್ಕು ಯಾರ್ಡ್. ಮತ್ತೆ ಓಟ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಕಾಫಿ ಮುಗಿಸಿ, ಲೋಟ ಒಳಗಿಟ್ಟು, ಹೊರಗೆ ಹೋಗಿ ಊರಿಗೆ ಫೋನ್ ಮಾಡಿ ಬಂದರು. ಆರ್ಮಿ ಇನ್ನೂ ಓಡುತ್ತಲೇ ಇತ್ತು! "ಏನ್ರೀ ಇದು, ಇನ್ನೂ ಇವರ ಕೈಯಲ್ಲೇ ಇದೆಯಾ ಚೆಂಡು?" ಅಂದರು. ಇತ್ತು. 21 ಅವಕಾಶ, ಹತ್ತಿರ ಹತ್ತಿರ 14 ನಿಮಿಷ, ಕೊನೆಗೆ ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. ಒಂದು ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ, ಇರುವುದೇ 15 ನಿಮಿಷ. ಎದುರಾಳಿಯ ಎಸೆಯುವ ಹುಡುಗರು ಅಷ್ಟೂ ಹೊತ್ತು ಬೆಂಚಿನ ಮೇಲೆ. ಪಂದ್ಯ 14-3.

ಅದಕ್ಕೆ ಆ ಹಿರಿಯರು ಹೇಳಿದ್ದು: "ಸೈನಿಕರಲ್ವಾ, ಸುಸ್ತಾಗಲ್ಲ."

ಸುಸ್ತಾಗುತ್ತೆ ಸ್ವಾಮಿ. ಅವರೂ ಮನುಷ್ಯರೇ. ಅಲ್ಲಿ ಕೆಲಸ ಮಾಡಿದ್ದು ಲೆಕ್ಕಾಚಾರ. ಅವರು ಆಡುವ ಆಟಕ್ಕೆ ಟ್ರಿಪಲ್ ಆಪ್ಷನ್ ಅನ್ನುತ್ತಾರೆ. ಎದುರಾಳಿಯ ಇಬ್ಬರನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ ಹುಡುಗ) ಚೆಂಡನ್ನು ನೇರ ನುಗ್ಗುವ ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು ಮೊದಲನೆಯವನನ್ನು ನೋಡುತ್ತಾನೆ. ಅವನು ಓಟಗಾರನ ಮೇಲೆ ಬಿದ್ದರೆ ಚೆಂಡು ಹಿಂದಕ್ಕೆಳೆದು ತಾನೇ ಓಡುತ್ತಾನೆ. ಮುಂದೆ ಎರಡನೆಯವನು ತನ್ನ ಮೇಲೆ ಬಂದರೆ ಪಕ್ಕದಲ್ಲಿ ಓಡುತ್ತಿರುವವನಿಗೆ ಚೆಂಡು ಕೊಡುತ್ತಾನೆ. ಕಬಡ್ಡಿಯಲ್ಲಿ ರೈಡರ್ ಮೂಲೆಯವನ ಕಾಲು ನೋಡಿಕೊಂಡೇ ಮುಂದಿನ ಹೆಜ್ಜೆ ಇಡುವ ಹಾಗೆ. ಆ ಇಬ್ಬರನ್ನು ತಡೆಯುವ ಕೆಲಸ ತಪ್ಪಿತಲ್ಲ, ಅದರಿಂದ ಬಿಡುವಾದ ಹುಡುಗರು ಬೇರೆಯವರನ್ನು ತಡೆಯುತ್ತಾರೆ. ಮೈಕಟ್ಟಿನಲ್ಲಿ ಚಿಕ್ಕ ತಂಡ ದೊಡ್ಡವರ ಎದುರು ನಿಲ್ಲುವುದು ಹೀಗೆ. ಇದನ್ನು ಆಡುವವರು ಈಗ ಬೆರಳೆಣಿಕೆಯಷ್ಟು. ಎದುರಾಳಿಗೆ ಅಭ್ಯಾಸಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ವಾರ.

2003ರ ಕಥೆಯೂ ಇದರಲ್ಲೇ ಇದೆ. 2000ರಲ್ಲಿ ಬಂದ ಕೋಚ್ ಈ ಆಟ ಬಿಟ್ಟು ಎಲ್ಲರ ಹಾಗೆ ಪಾಸ್ ಎಸೆಯುವ ಆಟ ತಂದರು. ಎಲ್ಲರ ಆಟ ಆಡಬೇಕಾದರೆ ಎಲ್ಲರಿಗಿರುವಂಥ ಆಟಗಾರರು ಬೇಕಲ್ಲ? ಇರಲಿಲ್ಲ. ಅದೇ ಹೊತ್ತಿಗೆ ನೇವಿ ಪಾಲ್ ಜಾನ್ಸನ್ ಅವರನ್ನು ಕೋಚ್ ಆಗಿ ಕರೆತಂದು ಆಪ್ಷನ್ ಆಡಿ ಮೇಲೆದ್ದಿತು. ಅವರ ಕೈಕೆಳಗೆ ಕಲಿತ ಜೆಫ್ ಮಾಂಕನ್ 2014ರಲ್ಲಿ ಆರ್ಮಿಗೆ ಕೋಚ್ ಆಗಿ ಬಂದರು. 2022ರಲ್ಲಿ ಎದುರಾಳಿಯನ್ನು ಸೊಂಟದ ಕೆಳಗೆ ತಡೆಯುವ ನಿಯಮ ಬಿಗಿಯಾಯಿತು, ಅದಕ್ಕೆ ಮಾಂಕನ್ 2023ರಲ್ಲಿ ಆಟದ ರೀತಿ ಬದಲಿಸಿದರು, ತಂಡ ಆರು ಗೆಲುವು, ಆರು ಸೋಲಿನಲ್ಲೇ ನಿಂತಿತು. ಹಟ ಮಾಡಲಿಲ್ಲ. ಮರುವರ್ಷ ಹಳೆಯ ಆಟವನ್ನೇ ಹೊಸ ನಿಯಮಕ್ಕೆ ಹೊಂದಿಸಿ ತಂದರು. ಪಂದ್ಯಕ್ಕೆ ಸರಾಸರಿ 300 ಯಾರ್ಡ್ ಓಟ, ಇಡೀ ದೇಶಕ್ಕೆ ಮೊದಲು. ಇದರ ಹಿಂದೆ ಇಷ್ಟೆಲ್ಲ ಯೋಚನೆ ಇದೆ. "ಶಿಸ್ತು" ಅಂದು ಒಂದೇ ಪದದಲ್ಲಿ ಮುಗಿಸಿದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಮಿಲಿಟರಿ ಅಕಾಡೆಮಿ ಅನ್ನುವುದು ಈ ಆಟದಲ್ಲಿ ಅನುಕೂಲ ಅಲ್ಲವೇ ಅಲ್ಲ, ಅಡ್ಡಿ. 2021ರಿಂದ ಬೇರೆ ಕಾಲೇಜಿನ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು. ವೆಸ್ಟ್ ಪಾಯಿಂಟಿನ ಕೆಡೆಟ್‌ಗಳಿಗೆ ಅದಿಲ್ಲ. ಬೇರೆ ತಂಡಗಳು ಪೋರ್ಟಲ್ಲಿನಿಂದ (ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಪಟ್ಟಿ) ತಯಾರಾದ ಆಟಗಾರರನ್ನು ತಂದುಕೊಳ್ಳುತ್ತವೆ. ಇಲ್ಲಿಗೆ ಹಾಗೆ ಬರಲು ಯಾರು ಒಪ್ಪುತ್ತಾರೆ? ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೈನ್ಯದಲ್ಲಿ ಕೆಲಸ ಇದೆ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು: ಆ ಹುಡುಗರು ಅಲ್ಲೇ ಯಾಕೆ ಉಳಿದರು? ಅಲ್ಲಿ ಮೂರನೇ ವರ್ಷದ ತರಗತಿ ಶುರುವಾಗುವ ಮೊದಲು ಯಾರು ಬೇಕಾದರೂ ಸೈನ್ಯದ ಕಟ್ಟುಪಾಡಿಲ್ಲದೆ ಹೋಗಬಹುದು. 2024ರಲ್ಲಿ ಸಾವಿರಕ್ಕೂ ಜಾಸ್ತಿ ಯಾರ್ಡ್ ಓಡಿದ ಎರಡನೇ ವರ್ಷದ ಹುಡುಗ ಸೀಸನ್ ಮುಗಿಯುತ್ತಿದ್ದಂತೆ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಅದು ಅವನ ಹಕ್ಕು, ನನಗೆ ಅವನ ಮೇಲೆ ಬೇಸರವಿಲ್ಲ. ಆದರೆ ಆ ದಾರಿ ಎಲ್ಲರಿಗೂ ಇತ್ತು. ಟೆಕ್ಸಸ್ಸಿನ ಅಬರ್ನಾತಿ ಅನ್ನುವ ಸಣ್ಣ ಊರಿನ ಬ್ರೈಸನ್ ಡೈಲಿ ಉಳಿದು ತಂಡದ ಕ್ವಾರ್ಟರ್‌ಬ್ಯಾಕ್ ಆದ. ಟುಲೇನ್ ಎದುರು ಒಬ್ಬನೇ ನಾಲ್ಕು ಟಚ್‌ಡೌನ್ ಓಡಿದ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಲ್ಲಿ ಆರನೆಯವನಾದ.

ಇನ್ನು ಲೈನಿನ ಹುಡುಗರು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ. ಅವರ ಬಗ್ಗೆ ಯಾರೂ ಏನೂ ಕೇಳಿಲ್ಲ. ಅವರು ಚೆಂಡು ಹಿಡಿದು ಓಡುವುದಿಲ್ಲ, ಟೀವಿಯಲ್ಲಿ ಅವರ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನನ್ನೇ ನೋಡಿ. ಚೆಂಡು ಕದಲಿದ ಕೂಡಲೇ ಐದೂ ಜನ ಒಟ್ಟಿಗೆ ತಗ್ಗಿ ಮುಂದಕ್ಕೆ ಹೋಗುತ್ತಾರೆ, ಒಬ್ಬನೂ ತಡ ಮಾಡುವುದಿಲ್ಲ. ದೊಡ್ಡ ಕಾಲೇಜುಗಳಲ್ಲಿ ಈ ಜಾಗದಲ್ಲಿ 140 ಕೆಜಿಯ ಹುಡುಗರಿರುತ್ತಾರೆ. ಇವರು ಅಷ್ಟು ದಪ್ಪ ಆಗುವ ಹಾಗಿಲ್ಲ. ಆಟಕ್ಕೆಂದು ಬೆಳೆಸಿದ ಮೈಯನ್ನು ಅಧಿಕಾರಿ ಆಗುವ ಮೊದಲು ಸೈನ್ಯದ ಅಳತೆಗೆ ಇಳಿಸಲೂ ಬೇಕು. 2024ರಲ್ಲಿ ದೇಶದ ಅತ್ಯುತ್ತಮ ಲೈನಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಬಂದಿದ್ದು ಇವರಿಗೇ. ಇದನ್ನು ಓದಿದ ಮೇಲೆ ಯಾರಾದರೂ ಒಬ್ಬರು ಇವರ ಬಗ್ಗೆ ಕೇಳಿದರೂ ನನಗೆ ಖುಷಿ.

"ಅದೆಲ್ಲ ಸರಿ, ನೇವಿ ಕೈಲಿ ಸೋತರಲ್ಲ?" ಅಂತ ಕೇಳುವವರೂ ಇದ್ದಾರೆ. ಹೌದು, ಸೋತರು. ಡಿಸೆಂಬರ್ 14, 31-13. ಆ ಪಂದ್ಯ ಸೋತ ವರ್ಷ ಆರ್ಮಿಯವರಿಗೆ ಬೇರೆ ಯಾವ ಗೆಲುವೂ ಪೂರ್ತಿ ಅನ್ನಿಸುವುದಿಲ್ಲ, ನನಗೂ ಅಷ್ಟೇ. ಅವತ್ತು ನೇವಿ ಚೆನ್ನಾಗಿ ಆಡಿತು. ಅದಾಗಿ ಎರಡು ವಾರಕ್ಕೆ ಸೀಸನ್ನಿನ ಕೊನೆಯ ಪಂದ್ಯ, ಇಂಡಿಪೆಂಡೆನ್ಸ್ ಬೌಲ್ ಇತ್ತು. ಎದುರಾಳಿ ಆಗಬೇಕಿದ್ದ ಮಾರ್ಷಲ್ ತಂಡದ ಕೋಚ್ ಬೇರೆ ಕಡೆ ಹೋದರು, ಹಿಂದೆಯೇ ಆಟಗಾರರು ಗುಂಪಾಗಿ ಪೋರ್ಟಲ್ ಸೇರಿದರು. ಆಡಲು ಜನ ಸಾಲದೆ ಆ ತಂಡ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಅದರ ಬದಲಿಗೆ ಲೂಸಿಯಾನ ಟೆಕ್ ಬಂತು. ಆರ್ಮಿ 27-6ರಿಂದ ಗೆದ್ದಿತು. ಡೈಲಿ ಇನ್ನೂ ಮೂರು ಟಚ್‌ಡೌನ್ ಓಡಿ ಆ ವರ್ಷದ ಲೆಕ್ಕವನ್ನು 32ಕ್ಕೆ ಮುಟ್ಟಿಸಿದ. ಆ ವರ್ಷ ದೇಶದಲ್ಲಿ ಯಾರೂ ಓಡಿ ಅಷ್ಟು ಟಚ್‌ಡೌನ್ ಮಾಡಿರಲಿಲ್ಲ.