ತಿರುಗುಮುರುಗಾದ ದುರ್ಗ

ಚಿತ್ರ ಕೆತ್ತಿ ಶಾಯಿ ಹಚ್ಚಿದ ಹಲಗೆಯ ಮೇಲೆ ಒತ್ತಿದ್ದ ಹಾಳೆಯನ್ನು ಮೂಲೆಯಿಂದ ಮೆಲ್ಲಗೆ ಎತ್ತಿದಾಗ ಚಿತ್ರದುರ್ಗದ ಕೋಟೆಯ ಬಂಡೆಗಳು ಚೆನ್ನಾಗಿಯೇ ಮೂಡಿದ್ದವು. ಆದರೆ ಅವುಗಳ ಕೆಳಗೆ ಎರಡು ಸಂಜೆ ಕುಳಿತು ಕೆತ್ತಿದ್ದ ‘ದುರ್ಗ’ ಎಂಬ ಹೆಸರು ಹಿಂದುಮುಂದಾಗಿತ್ತು. ಅಚ್ಚು ಕನ್ನಡಿಯಂತೆ ತಿರುಗುತ್ತದೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ನನ್ನನ್ನು ಏಮಾರಿಸಿದ್ದು ‘ಗ’. ತಲೆಕಟ್ಟಿನ ತುದಿಯೊಂದನ್ನು ಬಿಟ್ಟರೆ ಆ ಅಕ್ಷರ ಕನ್ನಡಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣುವುದರಿಂದ, ಅದನ್ನಷ್ಟೇ ಪರೀಕ್ಷಿಸಿ ನೋಡಿ ಎಲ್ಲವೂ ಸರಿಯಿದೆ ಎಂದುಕೊಂಡುಬಿಟ್ಟಿದ್ದೆ. ‘ದು’ವಿನ ಕೊಂಬು ಮತ್ತು ಅರ್ಕಾವತ್ತು ನನ್ನ ಅವಸರವನ್ನು ಬಯಲು ಮಾಡಿದವು.

ಕೆತ್ತಲು ನಾನು ಆರಿಸಿಕೊಂಡದ್ದು ಮರವನ್ನಲ್ಲ, ಲಿನೋಲಿಯಂ ಹಾಳೆಯನ್ನು. 1863ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಪೇಟೆಂಟ್ ಪಡೆದ ಈ ವಸ್ತು ಮೂಲತಃ ನೆಲಹಾಸು. ಗಾಳಿಗೆ ಗಟ್ಟಿಯಾದ ಅಗಸೆ ಎಣ್ಣೆಗೆ ಕಾರ್ಕ್ ತೊಗಟೆಯ ಪುಡಿ ಮುಂತಾದವನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡಿದ್ದು. (ನಮ್ಮ ಕಡೆ ಅಗಸೆ ಎಂದರೆ ರೊಟ್ಟಿಯ ಜೊತೆಯ ಚಟ್ನಿಪುಡಿಯಷ್ಟೇ ಎಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು.) ಮರಕ್ಕೆ ಎಳೆಯಿರುತ್ತದೆ, ಎಳೆಗೆ ಅಡ್ಡವಾಗಿ ಉಳಿ ನಡೆದರೆ ಸಿಬಿರು ಏಳುತ್ತದೆ. ಲಿನೋಗೆ ಎಳೆಯೇ ಇಲ್ಲದ್ದರಿಂದ ಉಳಿ ಯಾವ ದಿಕ್ಕಿಗೂ ಒಂದೇ ಸಮನಾಗಿ ಸಾಗುತ್ತದೆ. ನೇರ ಗೆರೆಗಿಂತ ಬಾಗುಗಳೇ ಹೆಚ್ಚಿರುವ ಕನ್ನಡ ಅಕ್ಷರಗಳಿಗೆ ಇದಕ್ಕಿಂತ ಅನುಕೂಲವಾದದ್ದು ನನಗಂತೂ ಸಿಕ್ಕಿಲ್ಲ. ಹಳೆಯ ಹಾಳೆ ಬಿರುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಸಾಕು, ಮೆತ್ತಗಾಗುತ್ತದೆ. ಚಿತ್ರದುರ್ಗದಲ್ಲಿ ಬಿಸಿಲಿಗೇನು ಬರವೇ?

ಎರಡನೆಯ ಬಾರಿ ಚಿತ್ರವನ್ನೇ ಬದಲಿಸಿ, ಕೋಟೆಯೊಳಗಿನ ಕಲ್ಲಿನ ಉಯ್ಯಾಲೆ ಕಂಬವನ್ನು ತೆಗೆದುಕೊಂಡೆ. ಎರಡು ಕಂಬ, ಮೇಲೊಂದು ಅಡ್ಡತೊಲೆ, ತಿರುಗಿದರೂ ತಕರಾರಿಲ್ಲ. ಹೆಸರನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ತೆಳುವಾದ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಸರಿಯಾಗಿ ಬರೆದು, ಬರಹದ ಬದಿಯನ್ನು ಲಿನೋ ಮೇಲೆ ಕವುಚಿ ಬೆನ್ನು ಉಜ್ಜಿದರೆ ಅಕ್ಷರಗಳು ತಾವಾಗಿಯೇ ತಿರುಗಿ ಇಳಿಯುತ್ತವೆ. ಮೊದಲ ಸಲ ಕಾರ್ಬನ್ ಕಾಗದವಿಟ್ಟು ನೇರವಾಗಿ ಇಳಿಸಿದ್ದೇ ತಪ್ಪಾಗಿತ್ತು.

ಕೆತ್ತನೆಯಲ್ಲಿ ಕೈಗಿಂತ ಮೊದಲು ಕಣ್ಣು ಪಳಗಬೇಕು, ಏಕೆಂದರೆ ಉಳಿ ಮುಟ್ಟಿದ್ದು ಬಿಳಿಯಾಗುತ್ತದೆ, ಮುಟ್ಟದೆ ಬಿಟ್ಟದ್ದು ಕಪ್ಪಾಗುತ್ತದೆ. ಬಂಡೆಯೊಂದಕ್ಕೆ ಅದರ ನೆರಳು ಮತ್ತು ಬಿರುಕುಗಳನ್ನು ಮಾತ್ರ ಉಳಿಸಿ ಉಳಿದ ಮೈಯನ್ನೆಲ್ಲ ತೆಗೆದುಹಾಕಿದಾಗಲೇ ಅದು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಂತೆ ಕಂಡಿತು. ಗೆರೆಯ ಅಂಚಿಗೆ ಚೂಪಾದ ಸಣ್ಣ ಉಳಿ, ಬಯಲು ತೆಗೆಯಲು ಅಗಲವಾದ ದುಂಡು ಉಳಿ. ಅಕ್ಷರದ ಬಾಗು ಬಂದಾಗ ಉಳಿಯನ್ನು ತಿರುಗಿಸದೆ ಹಲಗೆಯನ್ನೇ ತಿರುಗಿಸಬೇಕು; ಗೆರೆಯ ಬುಡವನ್ನು ಒಳಗೆ ಕೊರೆಯದೆ ಹೊರಕ್ಕೆ ಇಳಿಜಾರಾಗಿ ಬಿಡಬೇಕು, ಇಲ್ಲದಿದ್ದರೆ ಮುದ್ರಿಸುವಾಗ ಗೆರೆ ಮುರಿಯುತ್ತದೆ. ಎಡಗೈ ಎಂದಿಗೂ ಉಳಿಯ ಮುಂದೆ ಬರಬಾರದು, ಯಾವಾಗಲೂ ಹಿಂದೆಯೇ ಇರಬೇಕು. ಇದನ್ನು ಕಲಿತ ಗುರುತು ನನ್ನ ಹೆಬ್ಬೆರಳಿನ ಮೇಲಿದೆ.

ಶಾಯಿಯದ್ದೇ ಇನ್ನೊಂದು ರಗಳೆ. ನೀರಿನಲ್ಲಿ ಕರಗುವ ಶಾಯಿ ತೊಳೆಯಲು ಸುಲಭ, ಆದರೆ ನಮ್ಮೂರಿನ ಒಣಗಾಳಿಗೆ ರೋಲರ್ ಉರುಳಿಸುವಷ್ಟರಲ್ಲೇ ಒಣಗಿಹೋಗುತ್ತಿತ್ತು. ಎಣ್ಣೆಯ ಶಾಯಿಗೆ ಬದಲಾಯಿಸಿದೆ. ಲಿನೋಗೆ ಹಚ್ಚುವ ಮುನ್ನ ರೋಲರ್‌ನಿಂದ ಗಾಜಿನ ಮೇಲೆ ಉರುಳಿಸುವಾಗ ಅದು ಒಗ್ಗರಣೆಯಂತೆ ಸಣ್ಣಗೆ ಚಟಪಟ ಎನ್ನಬೇಕು. ಪಿಚಪಿಚ ಎಂದರೆ ಶಾಯಿ ಹೆಚ್ಚಾಯಿತೆಂದೇ ಅರ್ಥ, ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮುದ್ರಣ ಯಂತ್ರವಿಲ್ಲದ ಮನೆಯಲ್ಲಿ ಒತ್ತಡಕ್ಕೆ ಅಮ್ಮನ ಮರದ ಸೌಟಿನ ಬೆನ್ನೇ ಗತಿ. ಹಾಳೆಯ ಮೇಲೆ ಸಣ್ಣ ಸುತ್ತುಗಳಲ್ಲಿ, ಅಂಚುಗಳನ್ನು ಮರೆಯದೆ ಉಜ್ಜಬೇಕು.

ಹದಿನಾಲ್ಕು ಹಾಳೆಗಳಲ್ಲಿ ಎರಡು ಸರಿದು ಮಸುಕಾದವು. ಉಳಿದವುಗಳ ಅಂಚಿನಲ್ಲಿ, ಹನ್ನೆರಡರಲ್ಲಿ ಅದು ಎಷ್ಟನೆಯ ಪ್ರತಿ ಎಂದು ತಿಳಿಯುವಂತೆ, 1/12ರಿಂದ 12/12ರವರೆಗೆ ಪೆನ್ಸಿಲ್‌ನಿಂದ ಬರೆದು, ಅಡುಗೆಮನೆಯ ಹಗ್ಗಕ್ಕೆ ಒಣಹಾಕಿದೆ. ‘ದುರ್ಗ’ ಈ ಸಲ ಸರಿಯಾಗಿ ಓದಿಸಿಕೊಳ್ಳುತ್ತಿದೆ, ‘ಗ’ದ ತಲೆಕಟ್ಟಿನ ತುದಿ ಮಾತ್ರ ಕೆತ್ತುವಾಗಲೇ ಹಾರಿಹೋಗಿತ್ತು. ಅಮ್ಮ ಅದನ್ನು ಗಮನಿಸಲಿಲ್ಲ; ಸೌಟು ಎಲ್ಲಿ ಎಂದಷ್ಟೇ ಕೇಳಿದರು.