ಮುಗಿಯದ ಸಾಕ್ಷಿ

ಮೈಸೂರು
20 ಜುಲೈ 2025, ಭಾನುವಾರ ರಾತ್ರಿ

ಇವತ್ತು ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲ ಹತ್ತಿರ ಒಬ್ಬರು ನನ್ನ ಕೈ ಹಿಡಿದು "ಹೇಗಿದ್ದೀರಾ?" ಅಂತ ಕೇಳಿದರು. "ಕಷ್ಟ ಇದೆ ಅಕ್ಕ. ಆದ್ರೂ ಈ ವಾರ ಪರವಾಗಿಲ್ಲ" ಅಂದೆ. ಐದು ವರ್ಷದಿಂದ ಈ ಪ್ರಶ್ನೆಗೆ ನನ್ನ ಬಾಯಲ್ಲಿ ಬರುತ್ತಿದ್ದ ಉತ್ತರ ಒಂದೇ. "ದೇವರ ದಯೆ, ಚೆನ್ನಾಗಿದ್ದೀವಿ." ದೇವರ ದಯೆ ಇದ್ದದ್ದು ನಿಜ. ಚೆನ್ನಾಗಿದ್ದೀವಿ ಅನ್ನೋದು ಸುಳ್ಳಾಗಿತ್ತು.

ಗುರುವಾರ ನಡೆದದ್ದನ್ನು ಬರೆದಿಡಬೇಕು ಅಂತ ಮೂರು ದಿನದಿಂದ ಅಂದುಕೊಳ್ಳುತ್ತಾ ಇದ್ದೆ. ಇವತ್ತು ಹೊಲಿಗೆ ಕೆಲಸ ಇಲ್ಲ, ಮಳೆಯೂ ಜಿಟಿಜಿಟಿ ಅಂತ ಹಿಡಿದುಕೊಂಡಿದೆ. ಕೂತಿದ್ದೇನೆ.

ನಮ್ಮ ಯಜಮಾನರು 2019ರ ದಸರಾಕ್ಕೆ ಮುಂಚೆ ಸಾಲ ಮಾಡಿ ಟೂರಿಸ್ಟ್ ವ್ಯಾನ್ ತೆಗೆದುಕೊಂಡರು. ಅರಮನೆ, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಅಂತ ಜನರನ್ನು ಸುತ್ತಾಡಿಸುವ ಕೆಲಸ. ಆರು ತಿಂಗಳಿಗೇ ಲಾಕ್‌ಡೌನ್ ಬಂತು. ಗಾಡಿ ಮನೆ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಕಂತಿಗೆ ಕೈಸಾಲ, ಕೈಸಾಲದ ಬಡ್ಡಿಗೆ ಚೀಟಿ, ಚೀಟಿ ಕಟ್ಟೋಕೆ ನನ್ನ ಸರ ಅಡವು. ಕೊನೆಗೆ ಗಾಡಿಯೂ ಹೋಯಿತು, ಸಾಲ ಉಳಿಯಿತು. ಈಗ ಅವರು ಬೇರೆಯವರ ಗಾಡಿ ಓಡಿಸುತ್ತಾರೆ. ನಾನು ಚರ್ಚಿಗೆ ಒಂದು ಗ್ರಾಂ ಗೋಲ್ಡ್ ಸರ ಹಾಕಿಕೊಂಡು ಹೋಗುತ್ತಿದ್ದೆ. ಯಾರಾದರೂ ಪಕ್ಕದಲ್ಲಿ ಬಂದು ಕೂತರೆ ಸೆರಗು ಎಳೆದುಕೊಳ್ಳುತ್ತಿದ್ದೆ.

ಮಧ್ಯೆ ಕೆಲವು ತಿಂಗಳು ನಮ್ಮ ಸಭೆಗೆ ಹೋಗುವುದನ್ನೇ ಬಿಟ್ಟಿದ್ದೆ. ಮೊಬೈಲಿನಲ್ಲಿ ಆರಾಧನೆ ನೋಡುತ್ತಿದ್ದೆ. ಕೆಲವು ಸಂಜೆ ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅದು ಕ್ಯಾಥೋಲಿಕ್ ಚರ್ಚು. ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರಾಟೆಸ್ಟೆಂಟ್ ಸಭೆಯವಳು, ಅಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು ಅದು. 175 ಅಡಿಯ ಎರಡು ಗೋಪುರಗಳನ್ನು ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹೋಗುತ್ತಾರೆ. ಅಳುತ್ತಾ ಕೂತರೂ ಯಾಕಮ್ಮ ಅಂತ ಯಾರೂ ಕೇಳುವುದಿಲ್ಲ. ಆಗ ಅದೇ ನೆಮ್ಮದಿ ಅನಿಸಿತ್ತು. ಅಲ್ಲಿ ದೇವರು ನನ್ನ ಪ್ರಾರ್ಥನೆ ಕೇಳಿದರು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಮನೆಗೆ ಬಂದು ದೀಪ ಹಾಕಿದರೆ ಅದೇ ಚೀಟಿ ಪುಸ್ತಕ, ಅದೇ ನಾನೊಬ್ಬಳು.

ಯಾಕೆ ಹೇಳಿಕೊಳ್ಳಲಿಲ್ಲ ಅಂದರೆ ಅದಕ್ಕೂ ಕಾರಣ ಇದೆ. ತುಂಬಾ ವರ್ಷದ ಹಿಂದೆ, ನಾವು ಆಗ ಹೋಗುತ್ತಿದ್ದ ಸಭೆಯಲ್ಲಿ ಒಬ್ಬ ಅಕ್ಕ ತನ್ನ ಮಗಳ ವಿಷಯ ಹೇಳಿಕೊಂಡು "ಪ್ರಾರ್ಥನೆ ಮಾಡಿ" ಅಂತ ಅತ್ತರು. ಒಂದೇ ವಾರದಲ್ಲಿ ಅದು ಪ್ರಾರ್ಥನೆ ವಿಷಯ ಅನ್ನೋ ಹೆಸರಲ್ಲಿ ಫೋನಿನಿಂದ ಫೋನಿಗೆ ಹೋಯಿತು. ಆಮೇಲೆ ಅವರು ಯಾವ ಸಭೆಗೂ ಬರಲಿಲ್ಲ. ಪ್ರಾರ್ಥನೆಯ ಹೆಸರಲ್ಲಿ ಚಾಡಿ ಹೇಳುವುದಕ್ಕಿಂತ ಕೆಟ್ಟದ್ದು ಸಭೆಯೊಳಗೆ ಇನ್ನೊಂದಿಲ್ಲ ಅಂತ ಇವತ್ತಿಗೂ ನಾನು ನಂಬುತ್ತೇನೆ. ಆ ಮಾತನ್ನು ಅವತ್ತು ನಾನೂ ಒಬ್ಬರಿಗೆ ದಾಟಿಸಿದ್ದೆ.

ಗುರುವಾರ ಮಂಡಿ ಮೊಹಲ್ಲಾದಲ್ಲಿ ಟೀಚರಮ್ಮನ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಮಾರನೇ ದಿನ ಆಷಾಢ ಶುಕ್ರವಾರ, ಬೀದಿ ತುಂಬಾ ಹೂವಿನ ವ್ಯಾಪಾರ. ಮನೆ ಒಳಗೆ ನಾವು ಒಂಬತ್ತು ಜನ. ಹಾಡು ಹೇಳಿದೆವು. ಮತ್ತಾಯನ ಸುವಾರ್ತೆ 26ನೇ ಅಧ್ಯಾಯ ಓದಿದೆವು, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸುಸ್ವಾಮಿ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದ ಭಾಗ. ಆಮೇಲೆ ಸಾಕ್ಷಿ ಹೇಳುವ ಸಮಯ, ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೂ ಹೇಳುವುದು. ಒಬ್ಬರಿಗೆ ಆಪರೇಷನ್ ಚೆನ್ನಾಗಿ ಆಯಿತು, ಇನ್ನೊಬ್ಬರ ಮಗನಿಗೆ ಕೆಲಸ ಸಿಕ್ಕಿತು. ಸ್ತೋತ್ರ, ಸ್ತೋತ್ರ ಅಂದೆವು.

ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು ಬಾಯಿ ತೆರೆದರು. "ನನ್ನ ಮಗ ನನ್ನ ಹತ್ರ ಮಾತಾಡಿ ಎರಡು ವರ್ಷ ಆಯ್ತು. ನೀವೆಲ್ಲ ಕೇಳಿದಾಗ ಬೆಂಗಳೂರಲ್ಲಿ ಚೆನ್ನಾಗಿದಾನೆ ಅಂತಿದ್ದೆ. ಚೆನ್ನಾಗಿದಾನೋ ಇಲ್ವೋ ನಂಗೇ ಗೊತ್ತಿಲ್ಲ."

ಯಾರೂ ಮಾತಾಡಲಿಲ್ಲ. ಟೀಚರಮ್ಮ ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು, ಅಷ್ಟೇ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರಲ್ವಾ? ಬಾಯಿ ಬಿಟ್ಟ ಮೇಲೆ ಅವರು ಮಾಡಿದ್ದು ತಪ್ಪು. ಆ ಏಳು ದಿನ ಮಾತ್ರ ಸರಿಯಾಗಿತ್ತು.

ನನ್ನ ಸರದಿ ಬಂತು. ಹೋದ ತಿಂಗಳೂ ಇದೇ ಕೂಟದಲ್ಲಿ "ನನ್ನ ಪರಿಚಯದವರೊಬ್ಬರಿಗೆ ಸಾಲದ ತೊಂದರೆ, ಪ್ರಾರ್ಥನೆ ಮಾಡಿ" ಅಂತ ಕೇಳಿಕೊಂಡಿದ್ದೆ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದರು. "ಆ ಪರಿಚಯದವರು ನಾನೇ" ಅಂದೆ. ಆಮೇಲೆ ಎಲ್ಲ ಹೇಳಿದೆ.

ಒಬ್ಬರೂ ಬೈಬಲ್ ವಚನ ಹೇಳಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದ ಅಂಕಲ್ ಒಬ್ಬರು ಕನ್ನಡಕ ಹಾಕಿಕೊಂಡು "ಒಟ್ಟು ಎಷ್ಟಮ್ಮ? ಬಡ್ಡಿ ಹೇಗೆ?" ಅಂತ ಕೇಳಿದರು. ಕೈಸಾಲದ್ದು ತಿಂಗಳಿಗೆ ನೂರಕ್ಕೆ ಐದು ಅಂದೆ. "ವರ್ಷಕ್ಕೆ ಅರವತ್ತು! ಮೊದಲು ಇದನ್ನ ತೀರಿಸ್ಬೇಕು. ಶನಿವಾರ ಕಾಗದ ಎಲ್ಲ ತಗೊಂಡ್ ಬನ್ನಿ. ಯಜಮಾನ್ರನ್ನೂ ಕರ್ಕೊಂಡ್ ಬನ್ನಿ." ಆ ಲೆಕ್ಕದ ಮಾತು ನನಗೆ ಪ್ರಾರ್ಥನೆಯ ಹಾಗೇ ಕೇಳಿಸಿತು.

ಕಾಫಿ ಕುಡಿಯುವಾಗ ಟೀಚರಮ್ಮ ಒಂದು ವಿಷಯ ಹೇಳಿದರು. 1947ರಲ್ಲಿ ಸಿಎಸ್‌ಐ ಆಗುವ ಮೊದಲು ಮೈಸೂರಿನ ನಮ್ಮ ಹಿರಿಯರು ವೆಸ್ಲಿಯನ್ ಸಭೆಯವರು, ಅಂದರೆ ಜಾನ್ ವೆಸ್ಲಿ ಅನ್ನೋ ಬೋಧಕರ ದಾರಿಯವರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಜನ ತಮ್ಮ ಪ್ರಾರ್ಥನಾ ಮನೆಯ ಸಾಲ ತೀರಿಸೋದು ಹೇಗೆ ಅಂತ ಯೋಚಿಸುತ್ತಾ ಇದ್ದರು. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂತ ಒಬ್ಬ ಕ್ಯಾಪ್ಟನ್ ಸೂಚಿಸಿದ. ಬಡವರು ಏನು ಮಾಡಬೇಕು ಅಂತ ಪ್ರಶ್ನೆ ಬಂತು. ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರ ಕೈಲಿ ಆಗದಿದ್ದರೆ ನಾನು ಕೊಡುತ್ತೇನೆ ಅಂದನಂತೆ. ಹಾಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ದುಡ್ಡಿಗೆ ಅಂತ ಮನೆ ಮನೆಗೆ ಹೋದ ಮುಖಂಡರಿಗೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಕಾಣಿಸಿತು. ಆಮೇಲೆ ಅವರ ಆತ್ಮ ಹೇಗಿದೆ ಅಂತ ವಿಚಾರಿಸೋದೇ ಮುಖ್ಯ ಕೆಲಸ ಆಯಿತು. "ಅದೂ ಸಾಲದಿಂದಲೇ ಶುರುವಾಗಿದ್ದು ಕಣಮ್ಮ" ಅಂತ ನನ್ನ ಬೆನ್ನು ಸವರಿದರು.

ರಾತ್ರಿ ನಿದ್ದೆ ಬರದೆ 26ನೇ ಅಧ್ಯಾಯವನ್ನು ಮತ್ತೆ ಓದಿದೆ. ನಮ್ಮ ಸಾಕ್ಷಿಗಳೆಲ್ಲ ಮುಗಿದ ಕಷ್ಟದ ಬಗ್ಗೆ. ಆಪರೇಷನ್ ಆದ ಮೇಲೆ, ಕೆಲಸ ಸಿಕ್ಕ ಮೇಲೆ. ಯೇಸುಸ್ವಾಮಿ ಹಾಗೆ ಕಾಯಲಿಲ್ಲ. ಶಿಲುಬೆ ಇನ್ನೂ ಮುಂದಿದೆ, ಸಂಕಟದ ಬಟ್ಟಲು ಇನ್ನೂ ಕೈಯಲ್ಲಿದೆ. ಆಗಲೇ ಪೇತ್ರ, ಯಾಕೋಬ, ಯೋಹಾನರಿಗೆ ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಹೇಳಿದರು. ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ದೇವರ ಮಗನಿಗೇ ಆ ರಾತ್ರಿ ಮೂರು ಜನ ಹತ್ತಿರ ಬೇಕಾಗಿದ್ದರು. ಅವರು ನಿದ್ದೆ ಮಾಡುತ್ತಾರೆ ಅಂತ ಗೊತ್ತಿದ್ದೂ ಕೇಳಿದರು. ನಾನು ಯಾವ ಧೈರ್ಯದ ಮೇಲೆ ಒಬ್ಬಳೇ ಸಾಕು ಅಂದುಕೊಂಡಿದ್ದೆ?

ಯಜಮಾನರಿಗೆ ಮೊದಲು ಸಿಟ್ಟು ಬಂತು. "ಮನೆ ಮರ್ಯಾದೆ ಕಳೆದೆ" ಅಂದರು, ಶುಕ್ರವಾರ ಪೂರ್ತಿ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಅವರೇ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಂಕಲ್ ಬುದ್ಧಿ ಹೇಳಲಿಲ್ಲ. ಎರಡು ಗಂಟೆ ಲೆಕ್ಕ ಹಾಕಿದರು. ಸಾಲ ಕೊಟ್ಟವರ ಹತ್ತಿರ ಮಾತಾಡೋಕೆ ತಾವೂ ಜೊತೆಗೆ ಬರುತ್ತೇನೆ ಅಂದರು. ಆಂಟಿ ಉಪ್ಪಿಟ್ಟು ಬಡಿಸಿದರು. ನಿನ್ನೆ ರಾತ್ರಿ ಯಜಮಾನರು ಗೊರಕೆ ಹೊಡೆದು ನಿದ್ದೆ ಮಾಡಿದರು. ಆ ಗೊರಕೆ ಕೇಳುತ್ತಾ ನಾನು ತುಂಬಾ ಹೊತ್ತು ಎದ್ದಿದ್ದೆ. ಸಾಲ ಒಂದು ರೂಪಾಯಿಯೂ ಕಡಿಮೆ ಆಗಿಲ್ಲ.

ಬರುವ ಗುರುವಾರ ಕೂಟ ನಮ್ಮ ಮನೆಯಲ್ಲಿ. ಮಗನ ವಿಷಯ ಹೇಳಿದ ಅಮ್ಮನನ್ನು ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಅವರು ಮೊದಲು ಹೇಳದೆ ಇದ್ದಿದ್ದರೆ ನನ್ನ ಬಾಯಿ ತೆರೆಯುತ್ತಿರಲಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಸಭೆ ಬಿಟ್ಟು ಹೋದ ಆ ಅಕ್ಕ ಈಗ ಮಂಡ್ಯದಲ್ಲಿದ್ದಾರೆ ಅಂತ ಗೊತ್ತಾಗಿದೆ. ನಂಬರ್ ಸಿಕ್ಕಿದೆ, ಆದರೆ ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಾಳೆ ಬೆಳಿಗ್ಗೆ ಎರಡು ಬ್ಲೌಸ್ ಮುಗಿಸಿ ಕೊಟ್ಟು ಮಂಡ್ಯ ಬಸ್ ಹತ್ತುತ್ತೇನೆ. ನಿಮ್ಮ ಮಾತನ್ನು ದಾಟಿಸಿದವರಲ್ಲಿ ನಾನೂ ಒಬ್ಬಳು ಅಂತ ಅವರಿಗೆ ಹೇಳಬೇಕು.